ಮೆಹಂದಿ ಹಚ್ಚಿದ ಹೆಬ್ಬೆರಳು

ಪದ್ಮಕ್ಕಾ, ನಿನ್ನ ಬಲಗೈ ಹೆಬ್ಬೆರಳಿನ ಉಗುರಿಗೆ ಬಂದ ರೋಗ ನನ್ನದು. ನನ್ನ ಕಾಲಿನಿಂದ ನಿನ್ನ ಕೈಗೆ ಹೋದದ್ದು. ಅಷ್ಟು ಮಾತ್ರವಾಗಿದ್ದರೆ ಗೊತ್ತಿಲ್ಲದೆ ಆದದ್ದು ಎಂದು ಬಿಡಬಹುದಿತ್ತೇನೋ — ಆದರೆ ಆ ಬೆಳಿಗ್ಗೆ, ದಿಗಂಬರ ಮುನಿಗಳ ಆಹಾರಕ್ಕೆ ಅಣಿಮಾಡಿದ ಅಡುಗೆಮನೆಯ ಬಾಗಿಲಲ್ಲಿ, ಎಲ್ಲರೆದುರು ನಾನು ಆಡಿದ ಮಾತು ಗೊತ್ತಿದ್ದೇ ಆಡಿದ್ದು. ಅದನ್ನೇ ಹೇಳಬೇಕಾಗಿದೆ.

ಬಾಯಿಬಿಟ್ಟು ಹೇಳಲು ಎಷ್ಟೋ ಸಲ ನಿನ್ನ ಪಕ್ಕ ಬಂದು ಕುಳಿತಿದ್ದೇನೆ. ಶೇಂಗಾ ಸುಲಿಯುವಾಗ, ಹಪ್ಪಳ ಒಣಹಾಕುವಾಗ. ಪ್ರತಿ ಸಲವೂ ಮಾತು ಮಗಳ ಶಾಲೆಗೋ ಅತ್ತೆಯ ಮೊಣಕಾಲಿಗೋ ತಿರುಗಿಬಿಟ್ಟಿತು. ನೀನು ಶೇಂಗಾ ಒಡೆಯುವಾಗ ಹೆಬ್ಬೆರಳನ್ನು ಮಡಿಚಿ, ತೋರುಬೆರಳು ನಡುಬೆರಳಿನಲ್ಲೇ ಒತ್ತುತ್ತೀಯ. ಅದನ್ನು ನೋಡಿದರೆ ನನ್ನ ಮಾತು ಅಲ್ಲೇ ನಿಂತುಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲಿನಿಂದ ಹೇಳುತ್ತೇನೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಪ್ರತಿ ಸೋಮವಾರ ಸಿಸ್ಟರ್ ನಮ್ಮ ಉಗುರು ನೋಡುತ್ತಿದ್ದರು. ಸಾಲಾಗಿ ನಿಂತು ಕೈ ಚಾಚಬೇಕು, ಅಂಗೈ ಕೆಳಗೆ. ಅವರ ಕೈಯಲ್ಲಿ ಒಂದು ಸ್ಟೀಲಿನ ಪಟ್ಟಿ. ನನ್ನ ಕೈ ಯಾವಾಗಲೂ ಸ್ವಚ್ಛ — ಒಂದು ಸಲವೂ ಏಟು ತಿಂದವಳಲ್ಲ. ಆದರೆ ಹಾಸ್ಟೆಲಿನ ಒದ್ದೆ ನೆಲ, ಒದ್ದೆ ಕ್ಯಾನ್ವಾಸ್ ಬೂಟು... ಒಂಬತ್ತನೇ ಇಯತ್ತೆಯಲ್ಲಿ ಎಡಗಾಲಿನ ಹೆಬ್ಬೆರಳ ಉಗುರಿನ ಅಂಚಿನಲ್ಲಿ ಒಂದು ಹಳದಿ ಗೆರೆ ಕಾಣಿಸಿತು. ಆಮೇಲೆ ಗೆರೆ ಅಗಲವಾಯಿತು, ಉಗುರು ದಪ್ಪವಾಯಿತು, ತುದಿಯಲ್ಲಿ ರವೆಯ ಹಾಗೆ ಉದುರತೊಡಗಿತು. ನೋವಿಲ್ಲ, ತುರಿಕೆಯಿಲ್ಲ. ಸಿಸ್ಟರ್ ಕೈ ಮಾತ್ರ ನೋಡುತ್ತಿದ್ದರು. ಬೂಟಿನ ಒಳಗಿರುವುದನ್ನು ಯಾರೂ ಕೇಳುವುದಿಲ್ಲ — ಅದನ್ನು ನಾನು ಅಲ್ಲಿಯೇ ಕಲಿತೆ.

ಉಗಾರ ಬುದ್ರುಕದ ಈ ಮನೆಗೆ ನಾನು ಕಿರಿಸೊಸೆಯಾಗಿ ಬಂದಾಗ ಹತ್ತೂ ಕಾಲುಗುರಿಗೆ ಕೆಂಪು ನೇಲ್ ಪಾಲಿಶ್ ಇತ್ತು. ನೀನು ಹಿರಿಸೊಸೆಯಾಗಿ ಬಂದು ಆಗಲೇ ಆರು ವರ್ಷವಾಗಿತ್ತು. ಹತ್ತಿರದ ಅನಂತಪುರದ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು ನೀನು. ಬಂದವರಿಗೆಲ್ಲ ಅತ್ತೆ ನನ್ನನ್ನು ತೋರಿಸಿ, "ನಮ್ಮ ಸಣ್ಣಾಕಿ ಇಂಗ್ಲಿಷ್ ಸಾಳ್ಯಾಗ ಕಲ್ತಾಳ್ರಿ" ಎನ್ನುತ್ತಿದ್ದರು. ನೀನು ಚಹಾ ತಂದು ಇಡುತ್ತಿದ್ದೆ.

ನೀರು ಸೋಸುವುದನ್ನು ನನಗೆ ಕಲಿಸಿದವಳು ನೀನು. ಹಿತ್ತಲಿನ ಬಾವಿಯ ನೀರನ್ನು ಎರಡು ಪದರದ ಬಟ್ಟೆಯಲ್ಲಿ ಸೋಸಿ, ಆ ಬಟ್ಟೆಯ ಮೇಲೆ ಉಳಿದದ್ದನ್ನು ಸೋಸಿದ ನೀರಿನಿಂದಲೇ ಒಂದು ಸಣ್ಣ ಗಡಿಗೆಗೆ ತೊಳೆದು, ಮತ್ತೆ ಬಾವಿಗೆ ಬಿಡಬೇಕು. ನಾನು ಮೇಲಿನಿಂದ ಚೆಲ್ಲಲು ಹೋದಾಗ ನನ್ನ ಕೈ ಹಿಡಿದೆ.

"ಮ್ಯಾಲಿಂದ ಚೆಲ್ಲಬ್ಯಾಡ ತಂಗಿ, ಅವಕ್ಕ ಪೆಟ್ಟ ಬಡೀತೈತಿ. ಎಲ್ಲಿಂದ ತಂದೀವೋ ಅಲ್ಲೇ ಮೆತ್ತಗ ಇಳಿಸ್ಬೇಕು."

"ಯಾವಕ್ಕ ಅಕ್ಕಾ? ಏನೂ ಕಾಣವಲ್ದು."

"ಕಾಣಂಗಿಲ್ಲ ಖರೆ. ನಿನ್ನ ಇಂಗ್ಲಿಷ್ ಸಾಳ್ಯಾಗ ಹೇಳಿಲ್ಲೇನು?" ಎಂದು ನೀನು ನಕ್ಕೆ.

ಹೇಳಿದ್ದರು. ಪುಸ್ತಕದಲ್ಲಿ ಚಿತ್ರವೂ ಇತ್ತು. ಆದರೆ ಕಾಣದ ಜೀವಿಗೆ ಪೆಟ್ಟಾದೀತೆಂದು ಹಗ್ಗವನ್ನು ಅಷ್ಟು ನಿಧಾನ ಇಳಿಬಿಡುವ ಕೈಯನ್ನು ನಾನು ಅದೇ ಮೊದಲು ನೋಡಿದ್ದು.

ಆ ಕೈಯೇ ನನ್ನ ಕಾಲು ಹಿಡಿಯಿತು. ಬಸುರಿಯಾಗಿ ನನಗೆ ಎಂಟು ತಿಂಗಳಾಗಿದ್ದಾಗ — ಬಗ್ಗಲು ಆಗುತ್ತಿರಲಿಲ್ಲ. ನೀನು ಬಿಸಿನೀರಿನ ಬೋಗುಣಿ ತಂದು, ನನ್ನ ಪಾದ ಅದರಲ್ಲಿಟ್ಟು, ಹಿಮ್ಮಡಿ ತಿಕ್ಕಿ, ಉಗುರು ಕತ್ತರಿಸಿದೆ. ವಾರಕ್ಕೊಮ್ಮೆ, ಹೆರಿಗೆಯಾಗುವವರೆಗೆ. ನೇಲ್ ಕಟರ್ ನನ್ನದೇ, ಹಿಡಿಕೆಯ ಮೇಲೆ ಗುಲಾಬಿ ಹೂವಿನ ಚಿತ್ರವಿದ್ದದ್ದು. ನಿನಗೆ ಅದು ಬಹಳ ಇಷ್ಟವಾಗಿತ್ತು. ಪಾಲಿಶ್ ಅಳಿಸಿಹೋಗಿದ್ದ ಎಡಗಾಲಿನ ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನೋಡಿ ಕೇಳಿದೆ:

"ಇದೇನ ತಂಗಿ, ಉಗುರ ಹಿಂಗ ಹಳದಿ ಆಗೇತಿ?"

"ಪಾಲಿಶ್ ಹಚ್ಚಿ ಹಚ್ಚಿ ಹಂಗಾಗೇತಿ ಅಕ್ಕಾ."

"ಹೌದೇನ?" ಎಂದೆ. ಅಷ್ಟೇ. ಆಮೇಲೆ ನೀನು ಅದೇ ಕಟರಿನಿಂದ ನಿನ್ನ ಕೈಯುಗುರನ್ನೂ ಕತ್ತರಿಸಿಕೊಂಡೆ. ಹೆಬ್ಬೆರಳಿನ ಪಕ್ಕದಲ್ಲಿ ಸ್ವಲ್ಪ ಹೆಚ್ಚೇ ಕತ್ತರಿಸಿ "ಸ್ಸ್" ಎಂದದ್ದು ನನಗೆ ನೆನಪಿದೆ. ಎಲ್ಲವೂ ನೆನಪಿದೆ.

ಮಗಳು ತೆವಳತೊಡಗಿದ ಹೊತ್ತಿಗೆ ನಿನ್ನ ಉಗುರಿನ ಅಂಚಿನಲ್ಲಿ ಹಳದಿ ಗೆರೆ. ಆಮೇಲೆ ರವೆ. ನೀನು ಅರಿಶಿನ ಹಚ್ಚಿದೆ, ಬೇವಿನೆಣ್ಣೆ ಹಚ್ಚಿದೆ, ಅತ್ತೆ ಹೇಳಿದ ಲಿಂಬೆಹಣ್ಣಿನೊಳಗೆ ಬೆರಳು ತೂರಿಸಿಕೊಂಡು ಇಡೀ ಮಧ್ಯಾಹ್ನ ಓಡಾಡಿದೆ. ಮಗಳು ಅದನ್ನು ನೋಡಿ ಕೇಕೆ ಹಾಕಿ ನಗುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಕಾಲನ್ನು ಸೀರೆಯೊಳಗೆ ಎಳೆದುಕೊಂಡು ಕುಳಿತಿರುತ್ತಿದ್ದೆ. ಗೊತ್ತಿತ್ತು ಎನ್ನಲೇ, ಅನುಮಾನವಿತ್ತು ಎನ್ನಲೇ — ಎರಡಕ್ಕೂ ನಡುವೆ ಒಂದು ಮಬ್ಬು ಜಾಗವಿರುತ್ತದೆ, ಅಲ್ಲಿ ವರ್ಷಗಟ್ಟಲೆ ಇರಬಹುದು.

ಈಗ ಆ ಬೆಳಿಗ್ಗೆ.

ನಿನ್ನ ನಿಯಮದ ಬಗ್ಗೆ ಮೊದಲು ಹೇಳಬೇಕು. ನಿನ್ನ ಕೈಯಾರೆ ಮುನಿಗಳಿಗೆ ಒಂದು ತುತ್ತು ಆಹಾರ ಕೊಡುವವರೆಗೆ ಬೆಲ್ಲ, ಸಕ್ಕರೆ ಮುಟ್ಟುವುದಿಲ್ಲ ಎಂದು ಮದುವೆಯಾದ ವರ್ಷವೇ ನಿಯಮ ಹಿಡಿದಿದ್ದೆಯಂತೆ. ಕಬ್ಬಿನ ಊರಲ್ಲಿ! ಹಂಗಾಮು ಶುರುವಾದರೆ ಗಾಳಿಯೇ ಸಿಹಿಯಾಗುವ ಊರಲ್ಲಿ. ಪಕ್ಕದ ಮನೆಯವರು ಬಿಸಿ ಕಾಕಂಬಿ ತಂದರೆ ನೀನು ತಂಬಿಗೆಗೆ ಸುರಿದುಕೊಂಡು ಮಕ್ಕಳಿಗೆ ಹಂಚಿ, ಕೈ ತೊಳೆದುಬಿಡುತ್ತಿದ್ದೆ. ಹೋಳಿಗೆಯ ಹೂರಣದ ಸಿಹಿಯನ್ನು ನೀನು ನಾಲಿಗೆಯಿಂದಲ್ಲ, ಸೌಟಿನಿಂದ ಬೀಳುವ ರೀತಿಯಿಂದ ಹೇಳುತ್ತಿದ್ದೆ. ಒಂದು ಸಲವೂ ತಪ್ಪಲಿಲ್ಲ.

ಮುನಿಸಂಘ ನಮ್ಮೂರಿಗೆ ಬಂತು, ಎರಡೇ ದಿನದ ಮಟ್ಟಿಗೆ. ಹಿಂದಿನ ದಿನ ಅಡುಗೆಮನೆಗೆ ಹೊಸ ಸುಣ್ಣ ಬಳಿದು ಚೌಕ ಸಿದ್ಧಮಾಡಿದ್ದೆವು — ಮುನಿಗಳ ಆಹಾರಕ್ಕೆಂದು ಶುದ್ಧಮಾಡಿದ ಜಾಗಕ್ಕೆ ನಮ್ಮಲ್ಲಿ ಚೌಕ ಎನ್ನುತ್ತೇವೆ. ಒಳಗೆ ಬರುವವರು ಮಿಂದು ಮಡಿಯುಟ್ಟಿರಬೇಕು. ಗಾಯ, ಚರ್ಮರೋಗ, ನೇಲ್ ಪಾಲಿಶ್ ಯಾವುದೂ ನಡೆಯುವುದಿಲ್ಲ. ನಾನು ಪಾಲಿಶ್ ಅಳಿಸಿದೆ. ಕೆಳಗಿನ ಹಳದಿ ಹೊರಬಿತ್ತು. ಆಗ ನನಗೆ ಹೊಳೆಯಿತು — ಮೆಹಂದಿ. ಮೆಹಂದಿಗೆ ಯಾರದೂ ಅಡ್ಡಿಯಿಲ್ಲ. ಹತ್ತೂ ಕಾಲುಗುರಿಗೆ ದಪ್ಪಗೆ ಹಚ್ಚಿ, ಒಣಗಿಸಿ, ಮತ್ತೊಮ್ಮೆ ಹಚ್ಚಿದೆ. ರೋಗದ ಉಗುರು ಉಳಿದವಕ್ಕಿಂತ ಗಾಢವಾಗಿ ಬಣ್ಣ ಕುಡಿಯಿತು. ಎಲ್ಲಕ್ಕಿಂತ ಚೆಂದ ಕಂಡದ್ದು ಅದೇ.

ಸಂಘದ ಜೊತೆಗಿದ್ದ ಬ್ರಹ್ಮಚಾರಿಣಿ ಬಾಯಿಯವರು ಬೆಳಿಗ್ಗೆ ಚೌಕ ನೋಡಲು ಬಂದರು. ಬಿಳಿ ಸೀರೆಯ ವಯಸ್ಸಾದ ಹೆಂಗಸು, ಮಾತು ಅರ್ಧ ಮರಾಠಿ. ಹಿಟ್ಟು ನೋಡಿದರು, ನೀರು ನೋಡಿದರು, ನಮ್ಮನ್ನು ಸಾಲಾಗಿ ನಿಲ್ಲಿಸಿ ಕೈ ಚಾಚಲು ಹೇಳಿದರು. ಅಂಗೈ ಕೆಳಗೆ. ಮೂವತ್ತರ ಹತ್ತಿರದ ನಾನು ಒಂದು ಗಳಿಗೆ ಮತ್ತೆ ಸೋಮವಾರದ ಸಾಲಿನಲ್ಲಿದ್ದೆ. ನನ್ನ ಕೈ ನೋಡಿ ತಲೆಯಾಡಿಸಿದರು. ನಿನ್ನ ಮುಂದೆ ನಿಂತರು.

"ಹೇ ಕಾಯ್ ಬಾಯಿ, ಇದೇನು? ಈ ಉಗುರ ನಡಿಯಂಗಿಲ್ಲ."

ನೀನು ಕೈ ಹಿಂದೆ ತೆಗೆಯಲಿಲ್ಲ. ಹಾಗೇ ಹಿಡಿದುಕೊಂಡೇ ಹೇಳಿದೆ, "ಬರೇ ಉಗುರ ಐತ್ರಿ, ಗಾಯ ಅಲ್ರಿ. ಎಡಗೈಲೆ ಕೊಡ್ತೀನ್ರಿ... ಬ್ಯಾಡಂದ್ರ ಬೆರಳಿಗೆ ಮಡಿ ಅರಿವಿ ಸುತ್ಕೊಂತೀನ್ರಿ."

ಬಾಯಿಯವರಿಗೂ ಮನಸ್ಸು ಕರಗಿದಂತಿತ್ತು. ಅವರು ಅತ್ತೆಯ ಮುಖ ನೋಡಿದರು. ಅತ್ತೆ ನನ್ನ ಮುಖ ನೋಡಿದರು.

"ನೀ ಶ್ಯಾಣ್ಯಾಕಿ ಅದಿ, ನೀ ಹೇಳವಾ. ಇದು ಒಬ್ಬರಿಂದ ಒಬ್ಬರಿಗೆ ಹತ್ತತೈತೇನು?"

ಅಕ್ಕಾ, ಆಗ ಎಲ್ಲವೂ ನನ್ನ ಕೈಯಲ್ಲಿತ್ತು. 'ಗೊತ್ತಿಲ್ರಿ' ಎಂದರೂ ಸಾಕಿತ್ತು. ನಿನಗೆ ಅವರು ಬಟ್ಟೆ ಸುತ್ತಿಕೊಂಡು ನಿಲ್ಲಲು ಬಿಡುತ್ತಿದ್ದರು. ಆದರೆ ಮಾತು ಉಗುರಿನ ಮೇಲೆ ನಿಂತರೆ ಮುಂದೆ ಎಲ್ಲಿಗೆ ಹೋದೀತು, ಯಾರ ಕಾಲಿಗೆ ಬಂದೀತು ಎಂಬ ಹೆದರಿಕೆ — ಮಾತು ಅಲ್ಲಿಯೇ ಮುಗಿಯಬೇಕಿತ್ತು ನನಗೆ.

"ಹತ್ತತೈತ್ರಿ ಅತ್ತಿ," ಎಂದೆ. "ಅಕ್ಕ ಇವತ್ತ ಹೊರಗ ಇದ್ರ ಚಲೋ."

ನನ್ನ ದನಿ ಎಷ್ಟು ಮೃದುವಾಗಿತ್ತೆಂದರೆ ನನಗೇ ಅದು ಕಾಳಜಿಯಂತೆ ಕೇಳಿಸಿತು. ನೀನು ಪಕ್ಕದಲ್ಲಿಟ್ಟಿದ್ದ ಕಲಶವನ್ನು ಎತ್ತಿ ನನಗೆ ಕೊಟ್ಟು, ಹಿತ್ತಲಿಗೆ ಹೋಗಿ ಕಿಟಕಿಯ ಆಚೆ ನಿಂತೆ.

ಮುನಿಗಳು ನಮ್ಮ ಬಾಗಿಲಿಗೇ ಬಂದು ನಿಂತರು. ಊರಲ್ಲಿ ಅಷ್ಟು ಮನೆಗಳ ಮುಂದೆ ಅಷ್ಟು ಜನ 'ನಮೋಸ್ತು, ನಮೋಸ್ತು' ಎಂದು ಕರೆಯುತ್ತಿರುವಾಗ ನಮ್ಮಲ್ಲಿಗೇ. ನಾನು ಅವರ ಪಾದ ತೊಳೆದೆ. ನಡೆದು ನಡೆದು ಸವೆದ ಉಗುರುಗಳು, ಬೆಳ್ಳಗೆ, ನದಿಯ ಹರಳಿನ ಹಾಗೆ. ಅವುಗಳ ಪಕ್ಕದಲ್ಲಿ ನನ್ನ ಮೆಹಂದಿಯ ಹೆಬ್ಬೆರಳು. ಆಮೇಲೆ ಕೊಡುವವರು ಹೇಳಲೇಬೇಕಾದ ಮಾತು. ಕೈ ಮುಗಿದು ಹೇಳಿದೆ: ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ.

ಒಂದು ಕೂದಲು ಕಂಡರೂ, ಒಂದು ಇರುವೆ ಕಂಡರೂ ಬೊಗಸೆಯಲ್ಲಿ ಉಣ್ಣುವ ಅವರು ಅಂಜಲಿ ಬಿಟ್ಟು ಉಪವಾಸ ಹೋಗುತ್ತಾರೆ. ನಾನು ಕಾದೆ. ಪ್ರತಿ ತುತ್ತಿಗೂ ಕಾದೆ. ಏನಾದರೂ ಆಗಲಿ ಎಂದು ಒಳಗೊಳಗೇ ಬೇಡಿಕೊಂಡೆ ಎಂದರೆ ನಂಬುತ್ತೀಯಾ? ಏನೂ ಆಗಲಿಲ್ಲ. ಅವರು ನಿಂತೇ, ಶಾಂತವಾಗಿ, ಹೊಟ್ಟೆ ತುಂಬ ಉಂಡು ಹೋದರು. ಓಣಿಯ ಹೆಂಗಸರು ಬಂದು "ಪುಣ್ಯಾ ಮಾಡಿ ಬೇ ನೀ!" ಎಂದು ನನ್ನ ಕೈ ಹಿಡಿದರು.

ಆ ಮಧ್ಯಾಹ್ನ ನಿನಗೆ ಚಹಾ ಮಾಡಿಕೊಟ್ಟೆ. ಮರೆತು ಸಕ್ಕರೆ ಹಾಕಿದ್ದೆ. ನೀನು ಒಂದು ಗುಟುಕು ತುಟಿಗೆ ತಾಗಿಸಿ, "ಇದು ನನ್ನದಲ್ಲ ತಂಗಿ" ಎಂದು ಬಟ್ಟಲು ನನ್ನತ್ತ ಸರಿಸಿದೆ.

ಆಮೇಲೆ ಯಾವ ವರ್ಷ ಸಂಘ ಬಂದರೂ ಅತ್ತೆ ನಿನ್ನ ಹೆಬ್ಬೆರಳು ನೋಡುತ್ತಿದ್ದರು, ಆಮೇಲೆ ಕಲಶವನ್ನು ನನ್ನ ಕೈಗೆ ಕೊಡುತ್ತಿದ್ದರು. ಪ್ರತಿ ಸಲವೂ ನಾನು ಎರಡು ದಿನ ಮೊದಲೇ ಮೆಹಂದಿ ಕಲಸುತ್ತಿದ್ದೆ.

ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಒಂದು ದಿನ ಅವಳ ಬೂಟು ಬಿಚ್ಚುವಾಗ ನನಗೆ ಹೆದರಿಕೆಯಾಯಿತು. ಇವಳಿಗೂ ಬಂದರೆ? ಯಾರಿಗೂ ಹೇಳದೆ ರಾಯಬಾಗದ ಬಸ್ಸು ಹಿಡಿದು, ಅಲ್ಲಿಂದ ಚಿಕ್ಕೋಡಿಗೆ, ಒಬ್ಬ ಚರ್ಮದ ಡಾಕ್ಟರ ಹತ್ತಿರ ಹೋದೆ. ನಿಪ್ಪಾಣಿ ಕಡೆಯ ಹುಡುಗಿ, ಮಾತಿಗೊಮ್ಮೆ ನಗುವವಳು. ನನ್ನ ಉಗುರಿನ ಪುಡಿಯನ್ನು ಗಾಜಿನ ಮೇಲೆ ಕೆರೆದುಕೊಂಡು ಯಾವುದೋ ದ್ರಾವಣ ಹಾಕಿ, "ಉಗುರ ಕರಗಾಕ ಹೊತ್ತ ಬೇಕ್ರಿ. ಬಾಜಾರಕ್ಕ ಹೋಗಿ ಸಂಜಿಕ ಬರ್ರಿ" ಎಂದಳು. ಸಂಜೆ ಬಂದಾಗ ಸೂಕ್ಷ್ಮದರ್ಶಕದ ಮುಂದೆ ತನ್ನ ಕುರ್ಚಿಯಲ್ಲೇ ನನ್ನನ್ನು ಕೂರಿಸಿ, "ಒಂದ ಕಣ್ಣ ಮುಚ್ಚಿ ನೋಡ್ರಿ. ದಿಸತೈತೇನು?" ಎಂದಳು.

ಮೊದಲು ಬರೀ ಬೆಳಕು. ಆಮೇಲೆ...

ಹೇಗೆ ಹೇಳಲಿ ಅಕ್ಕಾ. ಕಬ್ಬು. ಗಾಜಿನಿಂದ ಮಾಡಿದ ಕಬ್ಬಿನ ತೋಟ. ಸಣ್ಣ ಸಣ್ಣ ಎಳೆಗಳು, ನೀರಿನಷ್ಟು ತಿಳಿ, ಗೆಣ್ಣು ಗೆಣ್ಣಾಗಿ, ಗೆಣ್ಣಿನಲ್ಲಿ ಕವಲೊಡೆದು, ಒಂದರ ಮೇಲೊಂದು ಹಾಯ್ದು ಎಲ್ಲಿಗೋ ಹೊರಟಿದ್ದವು. ಕೆಲವು ತುದಿಯಲ್ಲಿ ಕಡಿದು ಮಣಿಸರದ ಹಾಗೆ ಸಾಲಾಗಿ ನಿಂತಿದ್ದವು. ಒಂದೊಂದು ಮಣಿಯೂ ಮತ್ತೊಂದು ತೋಟವಾಗಬಲ್ಲ ಬೀಜ ಎಂದಳು ಡಾಕ್ಟರು. ಬಚ್ಚಲ ನೆಲದಲ್ಲಿ, ಟವೆಲಿನಲ್ಲಿ, ನೇಲ್ ಕಟರಿನ ಸಂದಿಯಲ್ಲಿ ತಿಂಗಳುಗಟ್ಟಲೆ ಕಾಯುತ್ತವಂತೆ, ನೀರಿಲ್ಲದೆ, ಅನ್ನವಿಲ್ಲದೆ. ಅವು ಜೀವವಿರುವ ಮಾಂಸ ತಿನ್ನುವುದಿಲ್ಲ. ಉಗುರು, ಕೂದಲು, ಸತ್ತ ಚರ್ಮ, ನಾವು ಬಿಟ್ಟುಕೊಟ್ಟದ್ದನ್ನು ಮಾತ್ರ ತಿಂದು ಬದುಕುತ್ತವೆ. ನಾನು ಹದಿನೈದು ವರ್ಷ ಬಣ್ಣ ಬಳಿದು ಮುಚ್ಚಿದ ಅಸಹ್ಯದೊಳಗೆ ಇಂಥದ್ದೊಂದು ಇತ್ತು.

ತಿಂಗಳ ನಂತರ ಹೋದಾಗ ಒಂದು ಗಾಜಿನ ನಳಿಗೆ ತೋರಿಸಿದಳು. ಅದರಲ್ಲಿ ನನ್ನ ಉಗುರಿನ ಜೀವ ಬೆಳೆದಿತ್ತು. ಮುಂದಿನಿಂದ ಅರಳಿದ ಹತ್ತಿಯ ಹಾಗೆ ಬಿಳಿ. ತಿರುಗಿಸಿ ಹಿಂಬದಿ ತೋರಿಸಿದಳು — ಕೆಂಪು. ಕೆನ್ನೀರಲ್ಲಿ ಅದ್ದಿದಂಥ ಗಾಢ ಕೆಂಪು, ನನ್ನ ಮೆಹಂದಿಗಿಂತ ಚೆಂದದ ಕೆಂಪು. "ಟ್ರೈಕೊಫೈಟಾನ್ ರುಬ್ರಮ್" ಎಂದು ಹೆಸರು ಹೇಳಿದಳು. "ರುಬ್ರಮ್ ಅಂದ್ರ ಕೆಂಪು ಅಂತ್ರಿ." ನಾನು ಕೆಂಪು ಬಳಿದು ಮುಚ್ಚುತ್ತಿದ್ದದ್ದು ತಾನೇ ಕೆಂಪಾಗಿತ್ತು.

"ಮನ್ಯಾಗ ಮತ್ತ ಯಾರಿಗರೆ ಐತೇನ್ರಿ?" ಎಂದು ಕೇಳಿದಳು.

"ಇಲ್ಲ," ಎಂದೆ.

ಮೂರು ತಿಂಗಳು ಗುಳಿಗೆ ನುಂಗಿದೆ, ಅಕ್ಕಿಡಬ್ಬಿಯ ಹಿಂದೆ ಬಚ್ಚಿಟ್ಟುಕೊಂಡು. ವರ್ಷದ ಕೊನೆಗೆ ಬುಡದಿಂದ ಹೊಸ ಉಗುರು ಬಂತು, ಗುಲಾಬಿಬಣ್ಣದ್ದು. ನನಗೆ ವಾಸಿಯಾಯಿತು. ನೀನು ಮದುವೆಮನೆಗಳಲ್ಲಿ ಹೆಬ್ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡು ಅಕ್ಷತೆ ಹಾಕುತ್ತಿದ್ದೆ. ಅದನ್ನು ನೋಡುತ್ತ ಇನ್ನೂ ಮೂರು ವರ್ಷ ಸುಮ್ಮನಿದ್ದೆ.

ಕೊನೆಗೆ, ಹೇಳುವುದಕ್ಕಿಂತ ವಾಸಿಮಾಡಿಸುವುದು ಸುಲಭ ಎನಿಸಿತು. ಸೀರೆ ಕೊಳ್ಳುವ ನೆಪಮಾಡಿ ನಿನ್ನನ್ನು ಚಿಕ್ಕೋಡಿಗೆ ಕರೆದುಕೊಂಡು ಹೋದೆ. ಅದೇ ಡಾಕ್ಟರು, ಸೀರೆ ಕೊಂಡು ಸಂಜೆ ಮರಳಿದಾಗ ಅದೇ ಕುರ್ಚಿ. ಆಕೆ ಗಾಜಿನ ತುಣುಕನ್ನು ಹೊಂದಿಸಿ, ನನ್ನ ಕಡೆ ತಿರುಗಿ ಸಹಜವಾಗಿ ಹೇಳಿಬಿಟ್ಟಳು: "ನಿಮ್ಮ ಕಾಲಿಗೆ ಇತ್ತಲ್ರಿ ಬಾಯಿ, ಆವಾಗ? ಹಂಗಽ ದಿಸಾಕತ್ತೈತಿ. ಒಂದಽ ಮನಿ, ಒಂದಽ ಕಟರ್ — ಹಿಂಗಽ ಹಬ್ಬತೈತ್ರಿ ಇದು."

ನೀನು ತಿರುಗಿ ನನ್ನ ಪಾದ ನೋಡಿದೆ. ಬಹಳ ಹೊತ್ತೇನಲ್ಲ.

"ಹೌದೇನ?" ಎಂದೆ. ಆಮೇಲೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ನೀನು ಕಣ್ಣು ತೆಗೆಯಲೇ ಇಲ್ಲ.

"ಯವ್ವಾ! ತಂಗಿ, ಎಷ್ಟ ಛಂದ ಅದಾವ ಬೇ ಇವು! ನಮ್ಮ ನದೀ ದಂಡಿ ಕಬ್ಬಿನಂಗ..." ನಿನ್ನ ದನಿ ಚಿಕ್ಕ ಹುಡುಗಿಯದಾಗಿತ್ತು. "ಬಾವ್ಯಾಗ ಬಿಡ್ತಿದ್ವಲ್ಲ, ನೀ ಕೇಳ್ತಿದ್ದಿ, ಎಲ್ಲಿ ಅದಾವ ಅಂತ. ನೋಡಿಲ್ಲಿ. ನನ್ನ ಬೊಟ್ಟಿನ್ಯಾಗಽ ಒಂದ ಊರ ಐತಿ." ಆಮೇಲೆ ತಲೆಯೆತ್ತಿ ಡಾಕ್ಟರನ್ನು ಕೇಳಿದೆ, "ಇವಕ್ಕ ಜೀವ ಐತೇನ್ರಿ?"

"ಜೀವ ಐತ್ರಿ. ಆದ್ರ ಗುಳಿಗಿ ತಗೊಂಡ್ರ ಎಲ್ಲಾ ಸಾಯ್ತಾವ. ನಿಮ್ಮದು ಕೈ ಉಗುರ, ಎರಡ ತಿಂಗಳನ್ಯಾಗ..."

"ಹಂಗಾರ ಬ್ಯಾಡ್ರಿ."

ಡಾಕ್ಟರು ನಕ್ಕಳು, ಚೇಷ್ಟೆ ಎಂದುಕೊಂಡು. ನೀನೂ ನಕ್ಕೆ. "ಇಷ್ಟ ವರ್ಷ ಕೂಡೇ ಅದೀವ್ರಿ. ನನಗೇನ ನೋವಿಲ್ಲ, ಅವಕ್ಕೂ ನನ್ನಿಂದ ತ್ರಾಸಿಲ್ಲ. ಕಾಣೂತನಕ ಮಾತು ಬ್ಯಾರೆ ಇತ್ತು. ಈಗ ಕಂಡಬಿಟ್ಟಾವಲ್ರಿ!"

ಅದರ ಅರ್ಥ ನನಗೆ ಗೊತ್ತಿತ್ತು. ಉಗುರು ವಾಸಿಯಾಗದಿದ್ದರೆ ಚೌಕದ ಬಾಗಿಲು ನಿನಗಿಲ್ಲ. ಬೆಲ್ಲವೂ ಇಲ್ಲ. ಕೊನೆಯವರೆಗೆ. ನಿನಗೂ ಗೊತ್ತಿತ್ತು.

ಬಸ್ಸಿನಲ್ಲಿ ರಾಯಬಾಗ ದಾಟುವವರೆಗೆ ನೀನು ಕಿಟಕಿಯಾಚೆ ನೋಡುತ್ತಿದ್ದೆ. ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಬಸ್ಸು ತೆವಳುತ್ತಿತ್ತು. ಆಗ ನೀನು ಕೇಳಿದೆ:

"ಆವತ್ತ ಸ್ವಾಮಿಗೋಳು ಹೊಟ್ಟಿ ತುಂಬ ಉಂಡಿದ್ರಲ್ಲ ತಂಗಿ?"

"ಹೌದಕ್ಕಾ."

"ಮತ್ತೇನ ಬೇಕು," ಎಂದು ನೀನು ಸೀರೆಯ ಚೀಲವನ್ನು ತೊಡೆಯ ಮೇಲೆ ಸರಿಮಾಡಿಕೊಂಡೆ.

ಅದನ್ನು ನಾನು ಕ್ಷಮೆ ಎಂದುಕೊಳ್ಳಬಹುದಿತ್ತು. ಹಲವು ದಿನ ಎಂದುಕೊಂಡೂ ಇದ್ದೆ. ಆದರೆ ಉಗುರು ಹೇಗೆ ಹಬ್ಬಿತೆಂದು ನಿನಗೆ ತಿಳಿಸಿದವಳು ಡಾಕ್ಟರು, ನಾನಲ್ಲ. ಆ ಬೆಳಿಗ್ಗೆ ನನಗೆ ಗೊತ್ತಿತ್ತು, ಮೆಹಂದಿಯ ಕೆಳಗೆ ಏನಿತ್ತೆಂದು ಗೊತ್ತಿದ್ದೇ ನಿನ್ನನ್ನು ಹೊರಗೆ ಕಳಿಸಿದೆ ಎಂಬುದನ್ನು ಯಾರೂ ನಿನಗೆ ಹೇಳಿಲ್ಲ. ಕೇಳದೇ ಇರುವ ತಪ್ಪನ್ನು ನೀನು ಹೇಗೆ ಕ್ಷಮಿಸುತ್ತೀಯ? ಅಥವಾ ನನ್ನ ಕಾಲುಗುರು ಕತ್ತರಿಸಿದ ನಿನಗೆ ಮೊದಲಿನಿಂದಲೂ... ಅದನ್ನು ಯೋಚಿಸಲು ನನಗೆ ಧೈರ್ಯ ಸಾಲದು.

ಗುಳಿಗೆ ನುಂಗು ಎಂದು ನಿನ್ನನ್ನು ಒತ್ತಾಯಿಸುವ ಬಾಯಿ ನನ್ನದಲ್ಲ. ನಾನು ಕೊಟ್ಟದ್ದನ್ನು ನೀನು ಸಾಕಿಕೊಂಡೆ. ನನ್ನದನ್ನು ನಾನು ಕೊಂದುಕೊಂಡೆ. ಈಗಲೂ ನೀನು ಬಾವಿಗೆ ಗಡಿಗೆ ಇಳಿಬಿಡುವುದನ್ನು ನೋಡಿದರೆ ಆ ಗಾಜಿನ ಕಬ್ಬಿನ ತೋಟ ಕಣ್ಣಿಗೆ ಕಟ್ಟುತ್ತದೆ.

ಸಂಘ ನಾಡಿದ್ದು ಊರಿಗೆ ಬರುತ್ತದಂತೆ. ಚೌಕಕ್ಕೆ ಸುಣ್ಣ ಬಳಿದಾಗಿದೆ. ಅತ್ತೆ ಮಂಚದ ಮೇಲಿಂದಲೇ "ಸಣ್ಣಾಕಿ ನಿಂದರ್ತಾಳ ಕಲಶ ಹಿಡ್ಕೊಂಡು" ಎಂದು ಹೇಳಿಯೂ ಆಯಿತು. ನಾಳೆ ಬೆಳಿಗ್ಗೆ ಈ ಕಾಗದವನ್ನು ನಿನ್ನ ಕೈಗೆ ಕೊಡುತ್ತೇನೆ. ನೀನು ಓದಿ ಮುಗಿಸಿದ ಮೇಲೆ ಅತ್ತೆಯ ಮಂಚದ ಹತ್ತಿರ ಹೋಗಿ, ಓಣಿಯ ಹೆಂಗಸರು ಇದ್ದರೆ ಅವರೆದುರೇ, ಆ ಉಗುರು ನನ್ನದು ಎಂದು ಹೇಳುತ್ತೇನೆ. ಈ ಸಲ ಕೈಗಷ್ಟೇ ಅಲ್ಲ, ಕಾಲಿಗೂ ಏನೂ ಹಚ್ಚಿಲ್ಲ. ಹತ್ತೂ ಉಗುರು ಸ್ವಚ್ಛವಾಗಿವೆ. ಕೊಡುವವರು ಹೇಳಬೇಕಾದ ಮೂರು ಮಾತುಗಳಲ್ಲಿ ಕೊನೆಯದೊಂದನ್ನು, ಕಾಯಶುದ್ಧಿಯನ್ನು, ನಾನು ಈಗ ಸುಳ್ಳಿಲ್ಲದೆ ಹೇಳಬಲ್ಲೆ.

ಉಳಿದೆರಡು ನನ್ನಲ್ಲಿಲ್ಲ. ನಾನು ಬಾಗಿಲಿಗೆ ನಿಲ್ಲುವುದಿಲ್ಲ, ಅಕ್ಕಾ. ಕಿಟಕಿಯ ಆಚೆ ನಿಲ್ಲುತ್ತೇನೆ.